ನಿಂತಾಗ ಬಿಸಿ, ಓಡಿದಾಗ ತಂಪು

ಒಂದು ಹಳೆಯ ಮಾರುತಿ 800 ಕಾರು ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಂಡರೆ ಸಾಕು, ಶಾಖ ತೋರಿಸುವ ಮುಳ್ಳು ಮೇಲೇರುತ್ತಾ ಏರುತ್ತಾ ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಅದೇ ಕಾರು ತುಮಕೂರು ರಸ್ತೆ ಹಿಡಿದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಟಿತೋ, ಮುಳ್ಳು ತಾನಾಗಿಯೇ ಇಳಿದು ನಡುವೆ ಬಂದು ಕೂರುತ್ತದೆ. ಓಡಿದರೆ ಮೈ ಬಿಸಿಯಾಗುತ್ತದೆ, ನಿಂತರೆ ತಣ್ಣಗಾಗುತ್ತದೆ ಎಂಬುದು ನಮ್ಮ ಲೆಕ್ಕ. ಈ ಕಾರಿನದು ತಿರುಗುಮುರುಗು. ಯಾಕಿರಬಹುದು?

ಬಾನೆಟ್ ಎತ್ತುವ ಅವಸರ ಬೇಡ. ಒಳ್ಳೆಯ ಮೆಕ್ಯಾನಿಕ್ ಕೂಡ ಸ್ಪ್ಯಾನರ್ ಹುಡುಕುವ ಮುಂಚೆ ಕೇಳುವುದು ಇದನ್ನೇ: "ಯಾವಾಗ ಬಿಸಿ ಆಗತ್ತೆ ಸಾರ್? ನಿಂತಾಗಲೋ, ಓಡ್ತಾ ಇರುವಾಗಲೋ?" ಕಾರಿನ ಯಜಮಾನರು "ಯಾವಾಗಲೂ ಆಗತ್ತಪ್ಪಾ" ಎಂದು ಕೈ ಆಡಿಸಿಬಿಟ್ಟರೆ ಪಾಪ, ಆ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ನೋಡಬೇಕಾಗುತ್ತದೆ. "ನಿಂತಾಗ ಮಾತ್ರ" ಎಂದರೆ ಬಿಚ್ಚಬೇಕಾದ್ದು ಬಹಳ ಕಡಿಮೆ. ಯಾಕೆಂದು ನೋಡೋಣ.

ಇಂಜಿನ್ನಿನ ಒಳಗೆ ಪೆಟ್ರೋಲು ಉರಿಯುವಾಗ ಆ ಗಳಿಗೆಯ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಮೈಯೆಲ್ಲ ಅಲ್ಯೂಮಿನಿಯಂ. ಅಲ್ಯೂಮಿನಿಯಮ್ಮೋ 660 ಡಿಗ್ರಿಗೇ ಕರಗುವ ಲೋಹ. ಆದರೂ ಪಿಸ್ಟನ್ ಕರಗುವುದಿಲ್ಲ. ಉರಿ ಇರುವುದು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಲೋಹಕ್ಕೆ ತಾಗಿದ ಶಾಖವನ್ನು ಇಂಜಿನ್ನಿನ ಗೋಡೆಯ ಟೊಳ್ಳುಗಳಲ್ಲಿ ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚು ಕಡಿಮೆ ಕಾಲು ಭಾಗ. ಉಳಿದದ್ದರಲ್ಲಿ ಒಂದು ದೊಡ್ಡ ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲು ಈ ನೀರಿಗೆ ಸೇರುತ್ತದೆ. ಬಂಕಿನಲ್ಲಿ ಕೊಟ್ಟ ನೂರು ರೂಪಾಯಿಯಲ್ಲಿ ಎಪ್ಪತ್ತೈದರಷ್ಟು ಊರಿನ ಗಾಳಿ ಬಿಸಿ ಮಾಡಲಿಕ್ಕೇ ಖರ್ಚಾಯಿತು ಅನ್ನಿ!

ಬಿಸಿ ನೀರು ರಬ್ಬರಿನ ಹೋಸ್ ಪೈಪಿನಲ್ಲಿ ಕಾರಿನ ಮೂತಿಯ ಬಳಿ ಇರುವ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರ್ ಎಂದರೆ ಸಾಲು ಸಾಲು ಸಣ್ಣ ಕೊಳವೆಗಳು, ಅವುಗಳ ನಡುವೆ ಕಾಗದದಷ್ಟು ತೆಳ್ಳಗಿನ ಲೋಹದ ಮಡಿಕೆಗಳು. ನೀರಿನ ಶಾಖ ಕೊಳವೆಗೆ, ಕೊಳವೆಯಿಂದ ಮಡಿಕೆಗೆ, ಮಡಿಕೆಯಿಂದ ಗಾಳಿಗೆ. ಕೊನೆಗೆ ಶಾಖವನ್ನು ತೆಗೆದುಕೊಳ್ಳುವುದು ಗಾಳಿಯೇ. ಮಡಿಕೆಗಳ ನಡುವಿನ ಗಾಳಿ ಒಮ್ಮೆ ಬಿಸಿಯಾಯಿತೆಂದರೆ ಅದನ್ನು ಆಚೆ ತಳ್ಳಿ ಹೊಸ ಗಾಳಿ ಬರಬೇಕು.

ಈಗ ನಮ್ಮ ಒಗಟಿಗೆ ಬನ್ನಿ. ಹೆದ್ದಾರಿಯಲ್ಲಿ ಓಡುವಾಗ ಗಾಳಿ ತಾನಾಗಿ ಬಂದು ರೇಡಿಯೇಟರಿಗೆ ನುಗ್ಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಯಾರಾದರೂ ಅದನ್ನು ಎಳೆದು ತರಬೇಕು. ಆ ಕೆಲಸಕ್ಕೆಂದೇ ರೇಡಿಯೇಟರಿನ ಬೆನ್ನಿಗೆ ಒಂದು ಕರೆಂಟ್ ಫ್ಯಾನ್ ಕೂರಿಸಿದ್ದಾರೆ. ಓಡುವಾಗ ಎಲ್ಲ ಸರಿಯಾಗಿದೆ ಎಂದರೆ ನೀರು ಹರಿಯುತ್ತಿದೆ, ರೇಡಿಯೇಟರ್ ಕೆಲಸ ಮಾಡುತ್ತಿದೆ. ನಿಂತಾಗ ಮಾತ್ರ ತೊಂದರೆ ಎಂದರೆ ಮೊದಲ ಅನುಮಾನ ಫ್ಯಾನಿನ ಮೇಲೆಯೇ. ಇದಕ್ಕೆ ವಿರುದ್ಧವಾಗಿ, ಹೆದ್ದಾರಿಯಲ್ಲಿ ಅಷ್ಟು ಗಾಳಿ ಬೀಸುತ್ತಿದ್ದರೂ ಮುಳ್ಳು ಏರುತ್ತಿದ್ದರೆ ಫ್ಯಾನನ್ನು ಬೈದು ಪ್ರಯೋಜನವಿಲ್ಲ. ಆಗ ನೋಡಬೇಕಾದ್ದು ನೀರಿನ ದಾರಿಯನ್ನು: ರೇಡಿಯೇಟರಿನ ಕೊಳವೆಗಳಲ್ಲಿ ಕೆಸರು ಕಟ್ಟಿರಬಹುದು, ನೀರು ತಳ್ಳುವ ಪಂಪು ಸೋತಿರಬಹುದು.

ಚಾರ್ಮಾಡಿ ಘಾಟಿಯಂಥ ಏರುದಾರಿಯಲ್ಲಿ ಎರಡು ಕಷ್ಟಗಳೂ ಒಟ್ಟಿಗೆ ಬರುತ್ತವೆ. ಇಂಜಿನ್ನಿಗೆ ಮೈಮುರಿ ಕೆಲಸ, ಕಾರಿನ ವೇಗ ಮಾತ್ರ ಕಡಿಮೆ. ಹಿಂದೆ ಘಾಟಿ ಹತ್ತುವ ಬಸ್ಸುಗಳನ್ನು ನಡುದಾರಿಯಲ್ಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದದ್ದು ಇದಕ್ಕೇ. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ, ಒಂದು ಕಥೆಯಾದರೂ ಸಿಕ್ಕೀತು.

ಅಂಬಾಸಿಡರ್ ಕಾರಿನಲ್ಲಿ ಫ್ಯಾನಿಗೆ ಕರೆಂಟೇ ಬೇಕಿರಲಿಲ್ಲ. ಅದರ ಇಂಜಿನ್ ಉದ್ದಕ್ಕೆ ಮಲಗಿತ್ತು, ಮೂತಿ ರೇಡಿಯೇಟರಿನ ಕಡೆಗೆ. ಇಂಜಿನ್ ತಿರುಗಿದರೆ ಬೆಲ್ಟು ತಿರುಗುತ್ತಿತ್ತು, ಬೆಲ್ಟು ತಿರುಗಿದರೆ ಫ್ಯಾನು. ಕೆಡಲು ಹೆಚ್ಚೇನೂ ಇಲ್ಲದ ಸರಳ ಏರ್ಪಾಡು. ಆದರೆ ಅದರಲ್ಲೊಂದು ಪೆದ್ದುತನವೂ ಇತ್ತು. ಸಿಗ್ನಲ್ಲಿನಲ್ಲಿ ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗಾಳಿ ಬೇಕಾದಾಗಲೇ ಸೋಮಾರಿ. ಗಾಳಿ ತಾನೇ ಬೀಸುವ ಹೆದ್ದಾರಿಯಲ್ಲಿ ಮಾತ್ರ ಭರ್ರೆಂದು ತಿರುಗಿ ಪೆಟ್ರೋಲು ತಿನ್ನುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಮೂರು ಸಿಲಿಂಡರಿನ ಪುಟ್ಟ ಇಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರು. ಅಡ್ಡ ಕೂತ ಇಂಜಿನ್ನಿನ ಬೆಲ್ಟು ಕಾರಿನ ಪಕ್ಕಕ್ಕೆ ಬರುತ್ತದೆ, ರೇಡಿಯೇಟರ್ ಇರುವುದು ಮುಂದಕ್ಕೆ. ಹಾಗಾಗಿ ಫ್ಯಾನಿಗೆ ಅದರದೇ ಆದ ಮೋಟಾರ್ ಬೇಕಾಯಿತು. ಈ ಎರಡೂ ಕಾರುಗಳ ತಯಾರಿಕೆ ನಿಂತದ್ದು ಒಂದೇ ವರ್ಷ, 2014ರಲ್ಲಿ. ಆದರೂ ಗ್ಯಾರೇಜುಗಳಲ್ಲಿ ಇಬ್ಬರೂ ಇನ್ನೂ ಎದುರಾಗುತ್ತಿರುತ್ತಾರೆ.

ಈ ಮೋಟಾರಿನ ಫ್ಯಾನು ಬೇಕಾದಾಗ ಮಾತ್ರ ತಿರುಗಬೇಕು ಎಂದರೆ, ಬೇಕು ಎಂದು ಯಾರಾದರೂ ಹೇಳಬೇಕಲ್ಲ? ಹೇಳುವುದು ಥರ್ಮೋ ಸ್ವಿಚ್ ಎಂಬ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ತುಂಡು. ಅದರ ತುದಿ ಬಿಸಿ ನೀರಿನಲ್ಲಿ ಮುಳುಗಿರುತ್ತದೆ. ಒಳಗೆ ಎರಡು ಬೇರೆ ಬೇರೆ ಲೋಹಗಳ ತಗಡನ್ನು ಬೆನ್ನಿಗೆ ಬೆನ್ನು ಬೆಸೆದು ಮಾಡಿದ ಬಿಲ್ಲೆಯಿದೆ. ಬಿಸಿಯಾದರೆ ಎಲ್ಲ ಲೋಹಗಳೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ; ಹಿತ್ತಾಳೆ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಬೆಸೆದುಕೊಂಡ ಇಬ್ಬರಲ್ಲಿ ಒಬ್ಬ ಹೆಚ್ಚು ಉದ್ದವಾದರೆ ಇಬ್ಬರೂ ಬಾಗಲೇಬೇಕು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ 18ನೇ ಶತಮಾನದಲ್ಲಿ ಹಡಗಿನ ಗಡಿಯಾರ ಸೆಕೆ ಚಳಿಗೆ ತಪ್ಪು ಹೊತ್ತು ತೋರಿಸಬಾರದೆಂದು ಈ ಜೋಡಿ ತಗಡಿನ ಉಪಾಯ ಮಾಡಿದ್ದರು. ಅದೇ ಉಪಾಯ ಈಗ ಕಾರಿನ ನೀರಿನಲ್ಲಿ ಕೂತಿದೆ.

ನೀರು ಸುಮಾರು 95 ಡಿಗ್ರಿ ಮುಟ್ಟಿದಾಗ ಬಿಲ್ಲೆ ಟಪ್ಪೆಂದು ಹಿಮ್ಮುಖವಾಗಿ ಮಡಚಿಕೊಂಡು ಎರಡು ವೈರುಗಳನ್ನು ಕೂಡಿಸುತ್ತದೆ. ಫ್ಯಾನ್ ಶುರು. ಮತ್ತೆ ಬಿಡಿಸಿಕೊಳ್ಳುವುದು 95ರಲ್ಲಿ ಅಲ್ಲ, ಇನ್ನೂ ನಾಲ್ಕೈದು ಡಿಗ್ರಿ ಇಳಿದ ಮೇಲೆ. ಈ ಅಂತರವನ್ನು ಬೇಕೆಂದೇ ಇಟ್ಟಿದ್ದಾರೆ. 95ರಲ್ಲಿ ಹತ್ತಿ 95ರಲ್ಲೇ ಆರುವಂತಿದ್ದರೆ ಫ್ಯಾನು ಹತ್ತಿತು ಆರಿತು, ಹತ್ತಿತು ಆರಿತು ಎಂದು ಒದ್ದಾಡಿ ನಾಲ್ಕು ದಿನಕ್ಕೇ ಸುಟ್ಟುಹೋಗುತ್ತಿತ್ತು.

ಇಲ್ಲಿ ಚುರುಕಾದ ಹುಡುಗಿಯೊಬ್ಬಳು ಕೈ ಎತ್ತಬಹುದು. "ನೀರು 100 ಡಿಗ್ರಿಗೆ ಕುದಿಯುತ್ತದಲ್ಲ, 95ರವರೆಗೆ ಕಾಯುವುದು ಅಪಾಯ ಅಲ್ಲವಾ?" ನಿಜ ಹೇಳಬೇಕೆಂದರೆ ಬೆಂಗಳೂರಿನಲ್ಲಿ ನೀರು 100ರವರೆಗೂ ಹೋಗುವುದಿಲ್ಲ. ಕಡಲ ಮಟ್ಟದ ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಮೇಲಿನಿಂದ ಒತ್ತುವ ಗಾಳಿ ಕಡಿಮೆ. ಒತ್ತಡ ಕಡಿಮೆಯಾದರೆ ಆವಿ ಬೇಗ ಎದ್ದುಬಿಡುತ್ತದೆ. ರೇಡಿಯೇಟರಿನ ಮುಚ್ಚಳ ಇದನ್ನೇ ತಿರುಗಿಸಿ ಉಪಯೋಗಿಸುತ್ತದೆ. ಅದರೊಳಗಿನ ಸ್ಪ್ರಿಂಗು ಬಿಗಿಯಾಗಿ ಅದುಮಿಕೊಂಡು ಒಳಗಿನ ಒತ್ತಡ ಹೆಚ್ಚಿಸುವುದರಿಂದ ನೀರು 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿ ಇರುವಾಗ ಯಾರಾದರೂ ಮುಚ್ಚಳ ತಿರುಗಿಸಿಬಿಟ್ಟರೆ? ಒತ್ತಡ ಒಂದೇ ಏಟಿಗೆ ಬಿಟ್ಟುಹೋಗಿ ಅಷ್ಟೂ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಆದ್ದರಿಂದ ಇಂಜಿನ್ ಆರಿ ತಣ್ಣಗಾಗುವ ತನಕ ಆ ಮುಚ್ಚಳವನ್ನು ದೊಡ್ಡವರೂ ಮುಟ್ಟಕೂಡದು. ಫ್ಯಾನಿನ ಹತ್ತಿರ ಕೈ ಹಾಕುವುದಂತೂ ಬೇಡವೇ ಬೇಡ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಅದು ಹೇಳದೆ ಕೇಳದೆ ತಿರುಗತೊಡಗುತ್ತದೆ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಗ್ಯಾರೇಜಿನವರ ಕೈಯಲ್ಲಿ ಆಗಬೇಕಾದವು. ನಾವು ಎರಡು ಹೆಜ್ಜೆ ದೂರ ನಿಂತು ಯೋಚನೆ ಮಾತ್ರ ಮಾಡೋಣ.

ಫ್ಯಾನಿಗೆ ಕರೆಂಟು ಹೋಗುವ ದಾರಿ ಹೀಗಿದೆ. ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ರಿಲೇಗೆ, ಅಲ್ಲಿಂದ ಫ್ಯಾನಿನ ಮೋಟಾರಿಗೆ, ಕೊನೆಗೆ ಕಾರಿನ ಕಬ್ಬಿಣದ ಮೈ ಮೂಲಕ ಮತ್ತೆ ಬ್ಯಾಟರಿಗೆ. ರಿಲೇ ಎಂದರೆ ಪುಟ್ಟ ವಿದ್ಯುತ್ ಅಯಸ್ಕಾಂತ. ಥರ್ಮೋ ಸ್ವಿಚ್ ಕಳಿಸುವ ಚೂರು ಕರೆಂಟಿಗೆ ಅದು ಎಚ್ಚೆತ್ತು, ಒಂದು ತಗಡನ್ನು ಟಕ್ಕೆಂದು ಎಳೆದು, ಮೋಟಾರಿಗೆ ಬೇಕಾದ ದೊಡ್ಡ ಕರೆಂಟಿಗೆ ಬಾಗಿಲು ತೆರೆಯುತ್ತದೆ. ಹಿಂದೆ ತಂತಿ ಸಂದೇಶಗಳು ನೂರಾರು ಮೈಲಿ ಸಾಗಿ ಸೊರಗಿದಾಗ ಅವಕ್ಕೆ ಹೊಸ ಬಲ ಕೊಟ್ಟು ಮುಂದೆ ಕಳಿಸುತ್ತಿದ್ದದ್ದೂ ರಿಲೇಗಳೇ. ಕೆಲವು ಹಳೆಯ ಕಾರುಗಳಲ್ಲಿ ರಿಲೇ ಇರುವುದಿಲ್ಲ, ಸ್ವಿಚ್ಚೇ ಎಲ್ಲವನ್ನೂ ಹೊರುತ್ತದೆ. ಆಮೇಲೆ ಬಂದ ಕಾರುಗಳಲ್ಲಿ ಥರ್ಮೋ ಸ್ವಿಚ್ಚಿನ ಬದಲು ಕಂಪ್ಯೂಟರ್ ಲೆಕ್ಕ ಹಾಕಿ ಅಪ್ಪಣೆ ಕೊಡುತ್ತದೆ. ದಾರಿ ಮಾತ್ರ ಅದೇ.

ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಕರೆಂಟು ನಿಂತಿದೆ. ಎಲ್ಲಿ? ಅಡಿಕೆ ತೋಟಕ್ಕೆ ಹದಿನಾರು ತುಂಡು ಪೈಪು ಜೋಡಿಸಿ ನೀರು ತಂದಿದ್ದಾರೆ, ಒಂದು ದಿನ ಕೊನೆಯಲ್ಲಿ ನೀರು ಬರಲಿಲ್ಲ ಎಂದುಕೊಳ್ಳಿ. ಮೊದಲ ತುಂಡಿನಿಂದ ಒಂದೊಂದೇ ಬಿಚ್ಚುತ್ತಾ ಹೋದರೆ ಮಧ್ಯಾಹ್ನದ ಊಟ ತಪ್ಪುತ್ತದೆ. ತಿಳಿದವರು ನೇರ ನಡುವಿನ ಜಾಯಿಂಟಿಗೆ ಹೋಗುತ್ತಾರೆ. ಅಲ್ಲಿ ನೀರು ಬಂತೇ? ಹಾಗಾದರೆ ಹಿಂದಿನ ಎಂಟೂ ಸರಿ. ಬರಲಿಲ್ಲವೇ? ಮುಂದಿನ ಎಂಟನ್ನು ಮರೆತುಬಿಡಬಹುದು. ಆಮೇಲೆ ಎಂಟರಲ್ಲಿ ನಾಲ್ಕು, ನಾಲ್ಕರಲ್ಲಿ ಎರಡು, ಎರಡರಲ್ಲಿ ಒಂದು. ನಾಲ್ಕು ಸಲ ನೋಡುವುದರೊಳಗೆ ಕಟ್ಟಿಕೊಂಡ ತುಂಡು ಸಿಕ್ಕಿತು.

ಫ್ಯಾನಿನ ವಿಷಯದಲ್ಲೂ ಹಾಗೇ. ಮೆಕ್ಯಾನಿಕ್ ಮೊದಲು ಥರ್ಮೋ ಸ್ವಿಚ್ಚಿನ ವೈರುಗಳನ್ನು ಕಳಚಿ, ಕೀ ಹಾಕಿ, ಎರಡು ತುದಿಗಳನ್ನು ಒಂದು ತುಂಡು ವೈರಿನಿಂದ ಕೂಡಿಸುತ್ತಾರೆ. ಸ್ವಿಚ್ ಮಾಡಬೇಕಿದ್ದ ಕೆಲಸವನ್ನು ತಾವೇ ಮಾಡಿದ ಹಾಗಾಯಿತು. ಫ್ಯಾನ್ ತಿರುಗಿತೆಂದರೆ ಫ್ಯೂಸು, ರಿಲೇ, ಮೋಟಾರು, ವೈರು ಎಲ್ಲವೂ ಒಂದೇ ಏಟಿಗೆ ಖುಲಾಸೆ, ತಪ್ಪು ಸ್ವಿಚ್ಚಿನದು. ತಿರುಗಲಿಲ್ಲವೆಂದರೆ ಎರಡನೆಯ ಪರೀಕ್ಷೆ: ಮೋಟಾರಿನ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ ಅದಕ್ಕೇ ನೇರ ಕರೆಂಟು ಕೊಡುವುದು. ಈಗ ತಿರುಗಿದರೆ ಮೋಟಾರ್ ಸರಿಯಿದೆ, ನಡುವಿನ ದಾರಿಯಲ್ಲಿ ದೋಷ. ಆಗಲೂ ಮಿಸುಕದಿದ್ದರೆ ಮೋಟಾರೇ ಹೋಗಿದೆ.

ಸ್ವಿಚ್ಚಿನದು ತಪ್ಪು ಎಂದು ತೀರ್ಮಾನಿಸಿ ಹೊಸದು ಹಾಕಿದ ಮೇಲೂ ಕೆಲವೊಮ್ಮೆ ಫ್ಯಾನು ಹತ್ತುವುದಿಲ್ಲ. ನನಗೆ ತುಂಬ ಇಷ್ಟವಾದ ದೋಷ ಇದು, ಯಾಕೆಂದರೆ ಇಲ್ಲಿ ಯಾವ ಬಿಡಿಭಾಗವೂ ಕೆಟ್ಟಿರುವುದಿಲ್ಲ. ನೀರು ಸೋರಿ ಮಟ್ಟ ಇಳಿದಿರುತ್ತದೆ. ಸ್ವಿಚ್ಚಿನ ತುದಿ ನೀರಿನಲ್ಲಿ ಮುಳುಗುವ ಬದಲು ಗಾಳಿಯಲ್ಲಿ ಕೂತಿರುತ್ತದೆ. ನೀರು ಕೊಟ್ಟಷ್ಟು ಚೆನ್ನಾಗಿ ಗಾಳಿ ಶಾಖ ದಾಟಿಸುವುದಿಲ್ಲವಾದ್ದರಿಂದ ಕೆಳಗೆ ಇಂಜಿನ್ ಬೇಯುತ್ತಿದ್ದರೂ ಸ್ವಿಚ್ಚಿಗೆ ಸುದ್ದಿಯೇ ಮುಟ್ಟಿಲ್ಲ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರಿನ ಗತಿಯೂ ಅದೇ ಆದರೆ, ಮುಳ್ಳು ಸಹ "ಎಲ್ಲ ತಂಪು" ಎಂದು ಸುಳ್ಳು ಹೇಳುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು, ಇಂಜಿನ್ ತಣ್ಣಗಿರುವಾಗ, ನೀರಿನ ಮಟ್ಟ ನೋಡಬೇಕು. ನೀರಿಗೆ ಬೆರೆಸುವ ಬಣ್ಣದ ಕೂಲೆಂಟ್ ನೆಲಕ್ಕೆ ಸೋರಿದ್ದರೆ ತೊಳೆದುಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ಬೀದಿ ನಾಯಿಗಳಿಗೆ ಅದು ಗೊತ್ತಿರುವುದಿಲ್ಲ.

ಫ್ಯೂಸು ಸುಟ್ಟಿದ್ದರೆ ಹೊಸದು ಹಾಕುವುದು ಒಂದು ನಿಮಿಷದ ಕೆಲಸ. ಆದರೆ ಫ್ಯೂಸು ಸುಮ್ಮನೆ ಸುಡುವುದಿಲ್ಲ. ಮೋಟಾರಿನ ಬೇರಿಂಗ್ ಧೂಳು ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ ಹೊಸ ಫ್ಯೂಸೂ ಹೋಗುತ್ತದೆ. ಇಲ್ಲೊಂದು ಸೊಗಸಾದ ವಿಷಯವಿದೆ. ತಿರುಗುತ್ತಿರುವ ಮೋಟಾರ್ ಅದೇ ಹೊತ್ತಿಗೆ ಒಂದು ಡೈನಮೋ ಕೂಡ ಹೌದು. ಒಳಗೆ ತಾನೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿ ಬ್ಯಾಟರಿಯ ಕರೆಂಟಿಗೆ ಎದುರಾಗಿ ತಳ್ಳುತ್ತಿರುತ್ತದೆ. ಹಾಗಾಗಿಯೇ 80 ವಾಟಿನ ಒಂದು ಫ್ಯಾನು 12 ವೋಲ್ಟಿನಲ್ಲಿ ಸುಮಾರು 7 ಆಂಪಿಯರಿಗೆ ತೃಪ್ತಿಪಡುತ್ತದೆ. ಅದನ್ನು ತಿರುಗದಂತೆ ತಡೆದರೆ ಎದುರು ತಳ್ಳುವವರೇ ಇಲ್ಲ, ಕರೆಂಟು ಹಲವು ಪಟ್ಟು ನುಗ್ಗುತ್ತದೆ. ಫ್ಯೂಸು ಪ್ರಾಣ ಕೊಟ್ಟು ವೈರನ್ನು ಉಳಿಸುತ್ತದೆ. ಅದರ ಜಾಗಕ್ಕೆ ದಪ್ಪ ತಂತಿ ಸುತ್ತಿ ಕಳಿಸುವವರೂ ಇದ್ದಾರೆ. ಅಂಥವರ ಹತ್ತಿರ ಕಾರು ಬಿಡಬಾರದು, ಯಾಕೆಂದರೆ ಮುಂದಿನ ಸಲ ಸುಡುವುದು ವೈರೇ.

ತಡೆದ ಮೋಟಾರಿಗೆ ಹೆಚ್ಚು ಕರೆಂಟು ನುಗ್ಗುವುದನ್ನು ಮನೆಯಲ್ಲೇ ನೋಡಬಹುದು. ಹಾಳಾದ ಆಟಿಕೆಯಿಂದ ತೆಗೆದ ಸಣ್ಣ ಮೋಟಾರು, ಎರಡು ಪೆನ್ಸಿಲ್ ಸೆಲ್ಲು, ಒಳಗೆ ತಂತಿ ಇರುವ ಹಳೆಯ ಟಾರ್ಚ್ ಬಲ್ಬು (ಎಲ್‌ಇಡಿ ಆಗುವುದಿಲ್ಲ). ಮೂರನ್ನೂ ಒಂದರ ಹಿಂದೆ ಒಂದು ಜೋಡಿಸಿ. ಮೋಟಾರ್ ತಿರುಗುವಾಗ ಬಲ್ಬು ಮಂಕಾಗಿರುತ್ತದೆ. ಅದರ ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಹಿಡಿದು ನಿಲ್ಲಿಸಿ, ಬಲ್ಬು ಝಗ್ಗೆಂದು ಬೆಳಗುತ್ತದೆ. ಬಿಟ್ಟರೆ ಮತ್ತೆ ಮಂಕು.

ರಿಲೇ ಮೇಲೆ ಅನುಮಾನವಿದ್ದರೆ ಗ್ಯಾರೇಜಿನಲ್ಲಿ ಒಂದು ಜಾಣತನ ಇದೆ. ಅದೇ ಮಾದರಿಯ ಹಾರ್ನ್ ರಿಲೇ ಇದ್ದರೆ ಎರಡನ್ನೂ ಅದಲು ಬದಲು ಮಾಡುತ್ತಾರೆ. ಫ್ಯಾನು ತಿರುಗಿ ಹಾರ್ನು ಮೂಕಾಯಿತೇ? ಕಳ್ಳ ಸಿಕ್ಕಿಬಿದ್ದ.

ಫ್ಯಾನು ತಿರುಗುತ್ತದೆ, ಆದರೆ ಸೊರಗಿದಂತೆ ನಿಧಾನವಾಗಿ ತಿರುಗುತ್ತದೆ ಎನ್ನುವುದು ಇನ್ನೊಂದು ಬಗೆ. ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಅದಕ್ಕಿಂತ ಮುಂಚೆ ನೋಡಬೇಕಾದ್ದು ಅರ್ಥಿಂಗ್. ಕರೆಂಟು ವಾಪಸ್ ಹೋಗುವುದು ಕಾರಿನ ಮೈ ಮೂಲಕ ಎಂದೆನಲ್ಲ, ಅರ್ಥಿಂಗ್ ವೈರನ್ನು ಆ ಮೈಗೆ ಬಿಗಿದ ಬೋಲ್ಟಿನ ಅಡಿಯಲ್ಲಿ ತುಕ್ಕು ಕಟ್ಟಿರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲೂ ಉದ್ದನೆಯ ಮಳೆಗಾಲದಲ್ಲೂ ಬದುಕಿದ ಕಾರಿನಲ್ಲಿ ಇದು ಮಾಮೂಲು. ಫ್ಯಾನಿಗೆ ಕರೆಂಟು ಕೊಟ್ಟಿರುವಾಗಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಫ್ಯಾನಿನ ಅರ್ಥಿಂಗ್ ವೈರಿಗೂ ತಾಗಿಸುತ್ತಾರೆ. ಸರಿಯಿದ್ದರೆ ಸೊನ್ನೆಯ ಆಸುಪಾಸು ತೋರಿಸಬೇಕು. 3 ವೋಲ್ಟ್ ತೋರಿಸಿತೆಂದರೆ, ಬ್ಯಾಟರಿಯ 12ರಲ್ಲಿ 3 ವೋಲ್ಟನ್ನು ತುಕ್ಕೇ ತಿಂದುಬಿಡುತ್ತಿದೆ. ಬೋಲ್ಟು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬಿಗಿದರೆ ಮುಗಿಯಿತು, ಕಾಸಿನ ಖರ್ಚಿಲ್ಲ. ಇದನ್ನು ನೋಡದೆ ಹೊಸ ಮೋಟಾರ್ ತಂದವರ ಹಣ ದಂಡ.

ಇಷ್ಟೆಲ್ಲ ಹುಡುಕುವ ತಾಳ್ಮೆ ಇಲ್ಲದವರು "ಡೈರೆಕ್ಟ್" ಮಾಡಿಬಿಡುತ್ತಾರೆ. ಕೀ ಹಾಕಿದರೆ ಸಾಕು, ಫ್ಯಾನು ತಿರುಗುತ್ತಲೇ ಇರುತ್ತದೆ. ಜೊತೆಗೆ ಇಂಜಿನ್ ಬೇಗ ಬೆಚ್ಚಗಾಗಲೆಂದು ಇಟ್ಟಿರುವ ಥರ್ಮೋಸ್ಟಾಟ್ ವಾಲ್ವನ್ನೂ ಕಿತ್ತು ಎಸೆಯುವುದುಂಟು. ಆ ವಾಲ್ವು ಸುಮಾರು 82 ಡಿಗ್ರಿಯವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುತ್ತದೆ. ಅದಿಲ್ಲದ ಇಂಜಿನ್ ಡಿಸೆಂಬರಿನ ಬೆಳಗ್ಗೆ ಸರಿಯಾಗಿ ಕಾಯುವುದೇ ಇಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಇಂಜಿನ್ನಿಗೆ ಬೇಕಾದ್ದು ತಂಪಲ್ಲ, ಹದವಾದ ಬಿಸಿ. ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟುವ ತನಕ ಡೈರೆಕ್ಟ್ ಮಾಡಿಕೊಂಡರೆ ತಪ್ಪಿಲ್ಲ. ವರ್ಷಗಟ್ಟಲೆ ಹಾಗೇ ಬಿಡುವುದು ನನಗಂತೂ ಒಪ್ಪುವುದಿಲ್ಲ.

ಹೊಸ ಮೋಟಾರ್ ಹಾಕಿದ್ದಾಯಿತು, ಫ್ಯಾನು ಜೋರಾಗಿ ತಿರುಗುತ್ತಿದೆ, ಆದರೂ ಮುಳ್ಳು ಇಳಿಯುತ್ತಿಲ್ಲ ಎಂದರೆ ಒಂದು ಹಾಳೆ ಕಾಗದ ತನ್ನಿ. ಮೆಕ್ಯಾನಿಕ್ ಅದನ್ನು ಕಾರಿನ ಮುಂದಿನ ಜಾಲರಿಯ ಎದುರು ಹಿಡಿಯಲಿ. ರೇಡಿಯೇಟರಿನ ಬೆನ್ನಿಗಿರುವ ಫ್ಯಾನು ಮುಂದಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಹಾಗೆ ಎಳೆಯುತ್ತಿದ್ದರೆ ಕಾಗದ ಜಾಲರಿಗೆ ಅಂಟಿಕೊಳ್ಳುತ್ತದೆ. ಅಂಟದೆ ಹೊರಕ್ಕೆ ಹಾರಿತೆಂದರೆ ಫ್ಯಾನು ಉಲ್ಟಾ ತಿರುಗುತ್ತಿದೆ. ಇಂಜಿನ್ನಿನ ಬಿಸಿ ಗಾಳಿಯನ್ನೇ ಮುಂದಕ್ಕೆ ತಳ್ಳುತ್ತಾ, ಕಾರು ಹೊರಟರೆ ಎದುರಿನಿಂದ ಬರುವ ಗಾಳಿಯ ಜೊತೆ ಜಗಳಕ್ಕೆ ನಿಲ್ಲುತ್ತಿದೆ. ಅಯಸ್ಕಾಂತ ಇರುವ ಡಿಸಿ ಮೋಟಾರಿನ ಸ್ವಭಾವವೇ ಅದು, ಪ್ಲಸ್ಸು ಮೈನಸ್ಸು ಅದಲು ಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ. ಮೋಟಾರ್ ಬಿಚ್ಚಬೇಕಾಗಿಲ್ಲ. ಪ್ಲಗ್ಗಿನ ಎರಡು ವೈರುಗಳನ್ನು ಆಚೀಚೆ ಮಾಡಿ ಮತ್ತೆ ಕಾಗದ ಹಿಡಿದು ನೋಡಿದರಾಯಿತು.